ಹಾಜರಿ ಪುಸ್ತಕದ ಹೊರಗಿನವರು



ಆಮಂತ್ರಣ ಪತ್ರಿಕೆಯಲ್ಲಿ ಇವತ್ತಿನ ವಿಷಯ ‘ಕ್ರೈಸ್ತ ಸೇವಕ ನಾಯಕತ್ವ ಮತ್ತು ದುಡಿಯುವ ಜಾಗ’ ಎಂದಿದೆ. ವಿಷಯ ಗೊತ್ತುಮಾಡಿದವರ ಮನಸ್ಸಿನಲ್ಲಿ ಒಬ್ಬ ಪಾದ್ರಿಗಳೋ ಸೆಮಿನರಿಯ ಪ್ರಾಧ್ಯಾಪಕರೋ ಇದ್ದಿರಬೇಕು. ಸಿಕ್ಕಿದ್ದು ನಾನು. ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಹಾಜರಿ, ರಜೆ, ಬಟವಾಡೆ, ವಿಚಾರಣೆಯ ನೋಟಿಸು ಇವುಗಳ ನಡುವೆ ಕೂದಲು ಹಣ್ಣುಮಾಡಿಕೊಂಡವನು. ದೇವಶಾಸ್ತ್ರದಲ್ಲಿ ನನಗಿರುವುದು ಓದುಗನ ಆಸಕ್ತಿ ಮಾತ್ರ. ಸುವಾರ್ತೆಯನ್ನು ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟುಕೊಂಡು ಓದಿದರೆ ಏನು ಕಾಣುತ್ತದೆ ಎಂದು ಹೇಳುವುದಷ್ಟೇ ನನ್ನಿಂದಾಗುವ ಕೆಲಸ.

‘ಸೇವಕ ನಾಯಕ’ ಎಂಬ ಮಾತು ಈಗ ಎಲ್ಲ ಕಡೆ ಓಡಾಡುತ್ತಿದೆ. ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಅದಕ್ಕೆ ಅರ್ಧ ದಿನ ಮೀಸಲು. ಆ ಅರ್ಧ ದಿನದಲ್ಲಿ ಹೇಳುವುದಿಷ್ಟು: ಮೇಲಧಿಕಾರಿ ವಿನಯದಿಂದಿರಬೇಕು, ಹೇಳಿದ್ದಕ್ಕೆ ಕಿವಿಗೊಡಬೇಕು, ಕೆಳಗಿನವರ ಹೆಸರು ನೆನಪಿಟ್ಟುಕೊಳ್ಳಬೇಕು. ಯಾವುದೂ ತಪ್ಪಲ್ಲ. ಆದರೆ ವಿನಯಕ್ಕೆ ಖರ್ಚಿಲ್ಲ. ವಾರ್ಷಿಕೋತ್ಸವದ ದಿನ ಆಡಳಿತ ನಿರ್ದೇಶಕರು ಸೌಟು ಹಿಡಿದು ಪಂಕ್ತಿಯಲ್ಲಿ ಕೂತವರಿಗೆ ಪಾಯಸ ಬಡಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಫೋಟೋ ಚೆನ್ನಾಗಿ ಬರುತ್ತದೆ. ಎಲೆಯ ಮುಂದೆ ಕೂತ ಫಿಟ್ಟರ್‌ಗೆ ಮಾತ್ರ ಪಾಯಸ ಗಂಟಲಲ್ಲಿ ಇಳಿಯುವುದಿಲ್ಲ. ಅವನ ಓವರ್‌ಟೈಮ್ ಬಾಕಿಯ ಕಡತ ಅದೇ ನಿರ್ದೇಶಕರ ಮೇಜಿನ ಮೇಲಿದೆ. ಅದು ಬಡಿಸುವವರಿಗೂ ಗೊತ್ತು, ಉಣ್ಣುವವನಿಗೂ ಗೊತ್ತು.

ಈ ಮುಜುಗರ ಹಳೆಯದು. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ, ಕೊನೆಯ ಊಟದ ರಾತ್ರಿ, ಯೇಸು ಮೇಲುಹೊದಿಕೆ ತೆಗೆದಿಟ್ಟು ನಡುವಿಗೆ ತುಂಡು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯಲು ಕೂರುತ್ತಾರೆ. ಅದು ಮನೆಯ ಆಳಿನ ಕೆಲಸ. ಪೇತ್ರ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಪವಿತ್ರ ಗುರುವಾರದಂದು ಇಗರ್ಜಿಗಳಲ್ಲಿ ಮಾಡಿ ತೋರಿಸುವುದೂ, ಕ್ಯಾಲೆಂಡರ್ ಚಿತ್ರಗಳಲ್ಲಿ ಇರುವುದೂ ಇಷ್ಟು. ಆಮೇಲಿನದನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಕಾಲು ತೊಳೆದಾದ ಮೇಲೆ ಯೇಸು ಬಟ್ಟೆ ಹಾಕಿಕೊಂಡು ಮತ್ತೆ ತಮ್ಮ ಜಾಗದಲ್ಲೇ ಕೂರುತ್ತಾರೆ. ಶಿಷ್ಯರು ತಮ್ಮನ್ನು ಗುರುವೆಂದೂ ಒಡೆಯನೆಂದೂ ಕರೆಯುವುದು ಸರಿಯೇ ಎಂದು ಒಪ್ಪಿಕೊಂಡು ಮುಂದಿನ ಮಾತಿಗೆ ಹೋಗುತ್ತಾರೆ. ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲೂ ಹೀಗೆಯೇ. ಯಾಕೋಬ, ಯೋಹಾನ ಎಂಬ ಅಣ್ಣತಮ್ಮಂದಿರು ಮುಂದೆ ಬರಲಿರುವ ರಾಜ್ಯದಲ್ಲಿ ಎಡಬಲದ ಆಸನ ತಮಗಿರಲಿ ಎಂದು ಕೇಳುತ್ತಾರೆ. ಉಳಿದ ಹತ್ತು ಜನ ಸಿಟ್ಟಾಗುತ್ತಾರೆ. ಪ್ರಮೋಷನ್ ಪಟ್ಟಿ ಹೊರಬಿದ್ದ ದಿನ ನಮ್ಮ ಆಫೀಸುಗಳಲ್ಲಿ ಬರುವ ಸಿಟ್ಟೇ ಅದು. ಯೇಸು ಮೊದಲನೆಯ ಸ್ಥಾನ ಇರಕೂಡದು ಎನ್ನಲಿಲ್ಲ. ಆ ಸ್ಥಾನ ಬೇಕೆನ್ನುವವನು ಎಲ್ಲರ ಆಳಾಗಲಿ ಎಂದರು. ಯಜಮಾನಿಕೆ ಇದೆ, ಇರುತ್ತದೆ ಎಂದು ಒಪ್ಪಿಕೊಂಡ ಮೇಲೆಯೇ ಕಷ್ಟದ ಪ್ರಶ್ನೆ: ಅದು ಯಾರಿಗಾಗಿ ದುಡಿಯುತ್ತದೆ, ಎಷ್ಟು ದೂರದವರನ್ನು ತನ್ನವರೆಂದು ಎಣಿಸುತ್ತದೆ?

ಇದನ್ನು ದಿನನಿತ್ಯದ ಏರ್ಪಾಟಾಗಿ ಮಾಡಿದವರಲ್ಲಿ ನನಗೆ ಬೆನೆಡಿಕ್ಟ್ ಬಹಳ ಇಷ್ಟ. ಆರನೆಯ ಶತಮಾನದಲ್ಲಿ ಇಟಲಿಯ ಮೊಂಟೆ ಕಸಿನೋದಲ್ಲಿ ಮಠ ಕಟ್ಟಿದ ಈ ಸಂತ ಬರೆದ ನಿಯಮಗಳಲ್ಲಿ 73 ಅಧ್ಯಾಯಗಳಿವೆ, 35ನೆಯದು ಅಡುಗೆಮನೆಯದು. ಮಠವಾಸಿಗಳು ವಾರಕ್ಕೊಬ್ಬರಂತೆ ಸರದಿಯ ಮೇಲೆ ಅಡುಗೆ ಮಾಡಿ ಬಡಿಸಬೇಕು. ವಾರ ಮುಗಿಸಿದವನೂ ಮಾರನೆಯ ವಾರ ಹಿಡಿಯುವವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಪಾತ್ರೆಪಡಗಗಳನ್ನು ಬೆಳಗಿ ಉಗ್ರಾಣದವನಿಗೆ ಲೆಕ್ಕ ಒಪ್ಪಿಸಬೇಕು. ಮೈಯಲ್ಲಿ ತ್ರಾಣವಿಲ್ಲದವನಿಗೆ ಜೊತೆಗೊಬ್ಬನನ್ನು ಕೊಡಬೇಕು. ಅದರ ಜೊತೆಗೆ ಇನ್ನೊಂದು ಕಟ್ಟಳೆ: ಬಡಿಸುವ ಸರದಿಯವರಿಗೆ ಊಟದ ಹೊತ್ತಿಗೆ ಮೊದಲೇ ಸ್ವಲ್ಪ ರೊಟ್ಟಿ, ಕುಡಿಯಲು ಒಂದಿಷ್ಟು ಕೊಡಬೇಕು, ಹಸಿದ ಹೊಟ್ಟೆಯಲ್ಲಿ ಗೊಣಗುತ್ತ ಬಡಿಸುವಂತಾಗಬಾರದು. ಕ್ಯಾಂಟೀನ್ ನಡೆಸಿದವರು ಯಾರಾದರೂ ಇಲ್ಲಿದ್ದರೆ ಈ ಮಾತಿನ ತೂಕ ಅವರಿಗೆ ಗೊತ್ತಾಗುತ್ತದೆ. ಬೆನೆಡಿಕ್ಟ್ ಮನುಷ್ಯನ ಒಳ್ಳೆಯತನವನ್ನು ನಂಬಿ ಕೂರಲಿಲ್ಲ. ಸರದಿ ಬರೆದಿಟ್ಟರು, ಲೆಕ್ಕ ಇಟ್ಟರು, ಹೊಟ್ಟೆಯನ್ನು ನೆನಪಿಟ್ಟರು.

ಬೈಬಲಿನಲ್ಲೇ ಇನ್ನೊಂದು ಪುಟ್ಟ ಪತ್ರವಿದೆ, ಫಿಲೆಮೋನನಿಗೆ ಪೌಲ ಬರೆದದ್ದು. ಯಜಮಾನನಿಂದ ದೂರವಾಗಿ ಬಂದಿದ್ದ ಒನೇಸಿಮ ಎಂಬ ಗುಲಾಮನನ್ನು ಸೆರೆಯಲ್ಲಿದ್ದ ಪೌಲ ವಾಪಸು ಕಳಿಸುತ್ತಾನೆ. ಇನ್ನು ಮೇಲೆ ಅವನನ್ನು ತಮ್ಮನಂತೆ ನೋಡಿಕೊಳ್ಳಬೇಕೆಂದು ಕೇಳುತ್ತಾನೆ. ಅವನಿಂದ ಬರಬೇಕಾದ ಬಾಕಿಯಿದ್ದರೆ ಅದನ್ನು ತನ್ನ ಖಾತೆಗೆ ಹಾಕಿಕೊಳ್ಳಲು ಸ್ವಂತ ಕೈಬರಹದಲ್ಲಿ ಒಪ್ಪಿಕೊಡುತ್ತಾನೆ. ದೊಡ್ಡ ಮನಸ್ಸು, ಸಂಶಯವಿಲ್ಲ. ಆದರೂ ಗುಲಾಮಗಿರಿಯೇ ತಪ್ಪು ಎಂದು ಆ ಪತ್ರ ಹೇಳುವುದಿಲ್ಲ. 19ನೆಯ ಶತಮಾನದ ಅಮೆರಿಕದಲ್ಲಿ ಗುಲಾಮರ ಒಡೆಯರು ತಮ್ಮ ಪರವಾಗಿ ತೆಗೆದು ತೋರಿಸುತ್ತಿದ್ದ ಪುಟಗಳಲ್ಲಿ ಇದೂ ಒಂದು. ಕಣ್ಣೆದುರಿನ ಒಬ್ಬನ ಮೇಲೆ ಅಕ್ಕರೆ, ಅವನನ್ನು ಆ ಸ್ಥಿತಿಗೆ ತಂದ ವ್ಯವಸ್ಥೆಯ ಬಗ್ಗೆ ಮೌನ. ಈ ಜೋಡಿಯನ್ನು ಮುಂದೆಯೂ ನೋಡಲಿದ್ದೇವೆ.

ಈಗ ಇಂಗ್ಲೆಂಡಿಗೆ ಹೋಗೋಣ. ನಿಮ್ಮ ಮಕ್ಕಳ ಕೈಯಲ್ಲಿರುವ ಚಾಕೊಲೇಟಿನ ಹೊದಿಕೆಯ ಮೇಲಿನ ಹೆಸರು ಕ್ಯಾಡ್‌ಬರಿ. ಅದು ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಒಂದು ಮನೆತನ. ಕ್ವೇಕರರಿಗೆ ಪಾದ್ರಿಗಳಿಲ್ಲ, ಪೂಜಾವಿಧಿಯಿಲ್ಲ, ಆಣೆ ಇಡುವುದು ನಿಷಿದ್ಧ. ಸಭೆ ಸೇರಿ ಮೌನವಾಗಿ ಕೂರುತ್ತಾರೆ, ಒಳಗಿನಿಂದ ಪ್ರೇರಣೆಯಾದವರು ಎದ್ದು ಮಾತಾಡುತ್ತಾರೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಬಾಗಿಲು ಇಂಥವರಿಗೆ ಪೂರ್ತಿಯಾಗಿ ತೆರೆದದ್ದು 1871ರಲ್ಲಿ. ಅಲ್ಲಿಯವರೆಗೆ ಬುದ್ಧಿವಂತ ಕ್ವೇಕರ್ ಹುಡುಗರಿಗೆ ಉಳಿದಿದ್ದ ದಾರಿಗಳಲ್ಲಿ ಮುಖ್ಯವಾದದ್ದು ವ್ಯಾಪಾರ. ಜಾನ್ ಕ್ಯಾಡ್‌ಬರಿ 1824ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬುಲ್ ಸ್ಟ್ರೀಟ್‌ನಲ್ಲಿ ಚಹಾ, ಕಾಫಿ, ಕೋಕೋ ಮಾರುವ ಅಂಗಡಿ ಇಟ್ಟರು. ಜನ ಹೆಂಡ ಬಿಟ್ಟು ಇದನ್ನು ಕುಡಿಯಲಿ ಎಂಬುದು ಅವರ ಹಂಬಲ. 1861ರಲ್ಲಿ ಮಕ್ಕಳಾದ ರಿಚರ್ಡ್ ಮತ್ತು ಜಾರ್ಜ್ ವ್ಯಾಪಾರ ವಹಿಸಿಕೊಂಡರು. 1879ರಲ್ಲಿ ಹೊಗೆ ತುಂಬಿದ ಊರು ಬಿಟ್ಟು ಹೊರವಲಯದ ಹೊಲಗಳ ನಡುವೆ ಹೊಸ ಕಾರ್ಖಾನೆ ಕಟ್ಟಿದರು. ಅದೇ ಬೋರ್ನ್‌ವಿಲ್.

ಬೋರ್ನ್‌ವಿಲ್ಲಿನಲ್ಲಿ ಕೆಲಸಗಾರರಿಗೆ ಆಟದ ಬಯಲು, ತೋಟ, ಊಟದ ಮನೆ, ಈಜುಕೊಳ. 1902ರಲ್ಲಿ ಕೆಲಸಗಾರರ ಸಲಹೆಗಳಿಗೆ ಬಹುಮಾನ ಕೊಡುವ ಪದ್ಧತಿ ಬಂತು, 1906ರಲ್ಲಿ ಗಂಡಸರ ಪಿಂಚಣಿ ನಿಧಿ. ಜಾರ್ಜ್ ಕ್ಯಾಡ್‌ಬರಿ ಭಾನುವಾರ ಬೆಳಿಗ್ಗೆ ಬರ್ಮಿಂಗ್‌ಹ್ಯಾಮ್‌ನ ವಯಸ್ಕರ ಶಾಲೆಯಲ್ಲಿ ದುಡಿಯುವವರಿಗೆ ಓದುಬರಹ ಕಲಿಸುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಹೋಗಿ ಬಂದದ್ದಲ್ಲ, ದಶಕಗಟ್ಟಲೆ ಕಲಿಸಿದರು. ಆ ಹೊತ್ತಿನಲ್ಲಿ ಕೊಳೆಗೇರಿ ಎಂದರೇನೆಂದು ಕಂಡವರು 120 ಎಕರೆ ಕೊಂಡು 1895ರಲ್ಲಿ ಮನೆ ಕಟ್ಟಿಸತೊಡಗಿದರು. ಪ್ರತಿ ಮನೆಗೂ ಹಿತ್ತಲು, ಹಿತ್ತಲಲ್ಲಿ ಹಣ್ಣಿನ ಗಿಡ. ಹೆಂಡದಂಗಡಿಗೆ ಜಾಗವಿಲ್ಲ.

ಸಿಬ್ಬಂದಿ ವಿಭಾಗದವನಾದ ನನಗೆ ಇಲ್ಲಿ ಎದ್ದು ಕಾಣುವ ಸಂಗತಿ ಬೇರೆ. 1900ರಲ್ಲಿ ಜಾರ್ಜ್ ಆ ಇಡೀ ಎಸ್ಟೇಟನ್ನು ಒಂದು ಟ್ರಸ್ಟಿಗೆ ಬರೆದುಕೊಟ್ಟರು. ಮನೆಗಳು ಕ್ಯಾಡ್‌ಬರಿ ಕೆಲಸಗಾರರಿಗೆ ಮಾತ್ರ ಎಂಬ ಕಟ್ಟು ಮೊದಲಿನಿಂದಲೂ ಇರಲಿಲ್ಲ. ಹಾಗಾಗಿ ಕೆಲಸ ಹೋದವನ ಮನೆ ಹೋಗುತ್ತಿರಲಿಲ್ಲ. ಕಂಪನಿ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. ಮನೆಯೂ ಮಾಲೀಕನದೇ ಆಗಿದ್ದರೆ ನೌಕರ ತಲೆಯೆತ್ತಿ ಮಾತಾಡುವ ಮೊದಲು ಹೆಂಡತಿ ಮಕ್ಕಳ ಮುಖ ನೋಡುತ್ತಾನೆ. ಈಜುಕೊಳಕ್ಕಿಂತ, ಹಣ್ಣಿನ ಗಿಡಕ್ಕಿಂತ, ಆ ಟ್ರಸ್ಟ್ ಪತ್ರವೇ ದೊಡ್ಡ ಸೇವೆ ಎಂದು ನಾನು ಹೇಳುತ್ತೇನೆ: ತನ್ನ ಕೈಯಲ್ಲಿದ್ದ ಒಂದು ಹಿಡಿತವನ್ನು ಮಾಲೀಕ ತಾನಾಗಿಯೇ ಬಿಟ್ಟುಕೊಟ್ಟ. ಹೆಂಗಸರ ವಿಷಯದಲ್ಲಿ ಮಾತ್ರ ಅವರು ತಮ್ಮ ಕಾಲದವರೇ ಆಗಿದ್ದರು. ಮದುವೆಯಾದವಳು ಕೆಲಸ ಬಿಡಬೇಕು. ಕೈಗೊಂದು ಬೈಬಲ್ ಕೊಟ್ಟು ಬೀಳ್ಕೊಡುತ್ತಿದ್ದರು.

1901ರಲ್ಲಿ ಇದೇ ಮನೆತನದ ವಿಲಿಯಂ ಕ್ಯಾಡ್‌ಬರಿಯವರ ಕೈಗೆ ಒಂದು ಮಾರಾಟದ ಪತ್ರ ಬಂತು. ಆಫ್ರಿಕದ ಪಶ್ಚಿಮ ಕರಾವಳಿಯಾಚೆ ಪೋರ್ಚುಗೀಸರ ಹಿಡಿತದಲ್ಲಿದ್ದ ಸಾವೊ ಟೋಮೆ ದ್ವೀಪದ ಒಂದು ಕೋಕೋ ತೋಟ ಮಾರಾಟಕ್ಕಿತ್ತು. ಆಸ್ತಿಯ ಪಟ್ಟಿಯಲ್ಲಿ ಜಮೀನು, ಕಟ್ಟಡ, ಜಾನುವಾರುಗಳ ಜೊತೆಗೆ ಇನ್ನೂರು ಕಪ್ಪು ಕೂಲಿಯಾಳುಗಳಿಗೂ ಬೆಲೆ ಕಟ್ಟಿ ಬರೆದಿದ್ದರು. ಆ ಹೊತ್ತಿಗೆ ಬೋರ್ನ್‌ವಿಲ್ಲಿಗೆ ಬರುತ್ತಿದ್ದ ಕೋಕೋದಲ್ಲಿ ಅರ್ಧದಷ್ಟು ಬರುತ್ತಿದ್ದದ್ದು ಅದೇ ದ್ವೀಪದಿಂದ.

ಕಾಗದದ ಮೇಲೆ ಅವರು ಗುಲಾಮರಲ್ಲ. ಅಂಗೋಲದ ಒಳನಾಡಿನಿಂದ ಹಿಡಿದು ತಂದವರನ್ನು ಅಧಿಕಾರಿಯ ಮುಂದೆ ನಿಲ್ಲಿಸಿ ಐದು ವರ್ಷದ ಕರಾರಿಗೆ ಒಪ್ಪಿದ್ದಾರೆಂದು ಬರೆದುಕೊಂಡು ಹಡಗು ಹತ್ತಿಸುತ್ತಿದ್ದರು. ಐದು ವರ್ಷ ತುಂಬಿದರೆ ಮತ್ತೈದು. ಊರಿಗೆ ಮರಳಿದವರು ಇಲ್ಲವೆನ್ನುವಷ್ಟು ಕಡಿಮೆ. ವಿಲಿಯಂ 1903ರಲ್ಲಿ ಲಿಸ್ಬನ್ನಿಗೆ ಹೋಗಿ ಕೇಳಿದರು. ಕಾನೂನು ಸುಧಾರಿಸುತ್ತೇವೆ ಎಂಬ ಉತ್ತರ ಬಂತು. 1905ರಲ್ಲಿ ಜೋಸೆಫ್ ಬರ್ಟ್ ಎಂಬ ಕ್ವೇಕರ್‌ನನ್ನು, ಮೊದಲು ಪೋರ್ಚುಗೀಸ್ ಭಾಷೆ ಕಲಿಸಿ, ದ್ವೀಪಕ್ಕೂ ಅಂಗೋಲಕ್ಕೂ ಕಳಿಸಿದರು. ಅಷ್ಟರಲ್ಲಿ ಹೆನ್ರಿ ನೆವಿನ್ಸನ್ ಎಂಬ ಪತ್ರಕರ್ತ ತಾನೇ ಹೋಗಿ ನೋಡಿ ಬಂದು, ಇದು ಗುಲಾಮಗಿರಿಯೇ ಎಂದು ಬರೆದುಬಿಟ್ಟ. ಬರ್ಟ್ ಕೊಟ್ಟ ವರದಿಯೂ ಅದನ್ನೇ ಹೇಳಿತು. 1908ರಲ್ಲಿ ವಿಲಿಯಂ ಸ್ವತಃ ಹಡಗು ಹತ್ತಿದರು. 1909ರ ಮಾರ್ಚ್‌ನಲ್ಲಿ ಕ್ಯಾಡ್‌ಬರಿ ಸಾವೊ ಟೋಮೆಯ ಕೋಕೋ ಕೊಳ್ಳುವುದನ್ನು ನಿಲ್ಲಿಸಿತು.

ಎಂಟು ವರ್ಷ. ಅವರು ಕೊಟ್ಟ ಕಾರಣಗಳು ಸುಳ್ಳಲ್ಲ: ಕೊಳ್ಳುವುದನ್ನು ಬಿಟ್ಟರೆ ಪೋರ್ಚುಗೀಸರ ಮೇಲೆ ನಮ್ಮ ಮಾತು ನಡೆಯುವುದಿಲ್ಲ, ವಿದೇಶಾಂಗ ಕಚೇರಿ ತಾಳಿ ಎನ್ನುತ್ತಿದೆ, ಪುರಾವೆ ಪಕ್ಕಾ ಆಗಲಿ. ಇಂಥ ಟಿಪ್ಪಣಿಗಳನ್ನು ನಾನೂ ಓದುತ್ತ ಬಂದವನು. ಒಂದೊಂದನ್ನೇ ಬಿಡಿಸಿ ನೋಡಿದರೆ ನ್ಯಾಯವಾಗಿಯೇ ಕಾಣುತ್ತವೆ. ಎಲ್ಲ ಸೇರಿದರೆ ಎಂಟು ವರ್ಷವಾಗುತ್ತದೆ. ‘ಸ್ಟ್ಯಾಂಡರ್ಡ್’ ಎಂಬ ಲಂಡನ್ ಪತ್ರಿಕೆ 1908ರಲ್ಲಿ ಇದನ್ನೇ ಹಿಡಿದು ಸಂಪಾದಕೀಯದಲ್ಲಿ ಚುಚ್ಚಿತು. ಸ್ವಂತ ಕೆಲಸಗಾರರಿಗೆ ಹೂದೋಟ ಮಾಡಿಕೊಟ್ಟವರು ಕಡಲಾಚೆಯ ಕೆಲಸಗಾರರನ್ನು ಕಂಡೂ ಕಾಣದಂತಿದ್ದಾರೆ ಎಂಬುದು ಅದರ ತಾತ್ಪರ್ಯ. ಕ್ಯಾಡ್‌ಬರಿಗಳು ಮಾನನಷ್ಟದ ದಾವೆ ಹೂಡಿದರು. 1909ರ ಕೊನೆಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ, ಅಂದರೆ ಅವರದೇ ಊರಿನಲ್ಲಿ, ವಿಚಾರಣೆ ನಡೆಯಿತು. ಪತ್ರಿಕೆಯ ಪರವಾಗಿ ನಿಂತವರು ಎಡ್ವರ್ಡ್ ಕಾರ್ಸನ್, ಆ ಕಾಲದ ಹೆಸರಾಂತ ವಕೀಲ. ಮಾನಹಾನಿ ಆದದ್ದು ಹೌದು ಎಂದು ಜ್ಯೂರಿ ಕ್ಯಾಡ್‌ಬರಿಗಳ ಪರ ತೀರ್ಪು ಕೊಟ್ಟಿತು. ಪರಿಹಾರ ಒಂದು ಫಾರ್ದಿಂಗ್, ಎಂದರೆ ಪೆನ್ನಿಯ ಕಾಲು ಭಾಗ.

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಅದು ತಿರುಗುಮುರುಗಾಗಿದೆ. ಕ್ಯಾಡ್‌ಬರಿಗಳನ್ನು ಕಪಟಿಗಳೆಂದು ಕರೆಯಲು ನಾನು ತಯಾರಿಲ್ಲ. ದುಡ್ಡು ಸುರಿದು, ಭಾಷೆ ಕಲಿಸಿ, ಆಳು ಕಳಿಸಿ, ಕೊನೆಗೆ ತಾವೇ ಹೋಗಿ ನೋಡಿದ ಚಾಕೊಲೇಟ್ ಮಾಲೀಕರು ಆ ಕಾಲದಲ್ಲಿ ಎಷ್ಟು ಜನ ಸಿಕ್ಕಾರು? ಒಳ್ಳೆಯವರಾಗಿದ್ದೂ ಎಂಟು ವರ್ಷ ಹಿಡಿಯಿತು ಎಂಬುದೇ ಇಲ್ಲಿನ ಪಾಠ. ಬೋರ್ನ್‌ವಿಲ್ಲಿನ ಹುಡುಗಿಗೆ ತಲೆನೋವು ಬಂದರೆ ಮಾಲೀಕನಿಗೆ ಕಾಣುತ್ತಿತ್ತು, ಅವಳ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಸಾವೊ ಟೋಮೆಯವನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಬಂದದ್ದು ಅವನ ಕೋಕೋ ಮೂಟೆ ಮಾತ್ರ.

ಆಮೇಲೆ ಕ್ಯಾಡ್‌ಬರಿ ಕೋಕೋಗಾಗಿ ಮುಖ ಮಾಡಿದ್ದು ಗೋಲ್ಡ್ ಕೋಸ್ಟ್ ಕಡೆಗೆ, ಇವತ್ತಿನ ಘಾನಾ. ಅಲ್ಲಿ ಬೆಳೆಯುತ್ತಿದ್ದವರು ಆಫ್ರಿಕದ ರೈತರೇ, ಸ್ವಂತ ಜಮೀನಿನಲ್ಲಿ. ಆ ನಾಡಿನಲ್ಲಿ 1850ರ ದಶಕದಲ್ಲೇ ಕೋಕೋ ಸಸಿ ನೆಟ್ಟು ನೋಡಿದವರಲ್ಲಿ ಒಂದು ಸ್ವಿಸ್ ಮಿಶನ್‌ನವರಿದ್ದರು. ಹೆಸರು ಹೇಳಿದರೆ ಈ ಸಭೆಯಲ್ಲಿ ಪರಿಚಯ ಬೇಕಾಗುವುದಿಲ್ಲ: ಬಾಸೆಲ್ ಮಿಶನ್.

ಕನ್ನಡಿಗರು ಬಾಸೆಲ್ ಮಿಶನ್ನನ್ನು ನೆನೆಯುವುದು ಮೊಗ್ಲಿಂಗ್‌ರ 1843ರ ‘ಮಂಗಳೂರ ಸಮಾಚಾರ’ಕ್ಕೆ, 1894ರ ಕಿಟ್ಟೆಲ್ ನಿಘಂಟಿಗೆ. ನಾನು ಅಚ್ಚುಕೂಟ ಬಿಟ್ಟು ಹಂಚಿನ ಕಾರ್ಖಾನೆಗೆ ಹೋಗುತ್ತೇನೆ. 1834ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳ ಮುಂದೆ ಬೇಗನೆ ನಿಂತ ಸಮಸ್ಯೆ ಹೊಟ್ಟೆಪಾಡಿನದು. ಕ್ರೈಸ್ತರಾದವರಿಗೆ ಮನೆ, ಜಾತಿ, ಕುಲಕಸುಬು ಒಟ್ಟಿಗೇ ಕೈತಪ್ಪುತ್ತಿತ್ತು. ಬಂದವರಲ್ಲಿ ಬಿಲ್ಲವರು ಬಹಳ. ಸೇಂದಿ ಇಳಿಸುವ ಕಸುಬು ಮಿಶನ್‌ಗೆ ಒಪ್ಪಿಗೆಯಿಲ್ಲ. ಬೇಸಾಯ, ಬೇರೆ ಬೇರೆ ಕೈಕಸುಬು ಹಚ್ಚಿ ನೋಡಿದರು, ಎಲ್ಲವೂ ಕೈಹತ್ತಲಿಲ್ಲ. 1851ರಲ್ಲಿ ಹಾಲರ್ ಎಂಬವರು ಬಂದ ಮೇಲೆ ನೇಯ್ಗೆ ನಿಂತುಕೊಂಡಿತು. ಖಾಕಿ ಬಣ್ಣ ಹುಟ್ಟಿದ್ದು ಆ ನೇಯ್ಗೆ ಶಾಲೆಯಲ್ಲೇ ಎಂದು ಊರಿನವರು ಈಗಲೂ ಎದೆಯುಬ್ಬಿಸಿ ಹೇಳುವುದುಂಟು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು.

ಹಂಚಿನ ಕೆಲಸ ನೋಡಿದವರಿಗೆ ಗೊತ್ತು. ನದಿ ಬಯಲಿನ ಜೇಡಿಮಣ್ಣು ದೋಣಿಯಲ್ಲಿ ಬರಬೇಕು. ಕಲ್ಲು, ಬೇರು ಆರಿಸಿ ನೀರು ಕುಡಿಸಿ ಮಾಗಲು ಬಿಡಬೇಕು, ನಾದಬೇಕು. ನಾದಿದ ಮಣ್ಣಿನ ಹಲಗೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಬೇಕು, ಅಂಚು ಕೆರೆಯಬೇಕು, ನೆರಳಿನಲ್ಲಿ ಒಣಗಿಸಬೇಕು. ಅವಸರ ಮಾಡಿದರೆ ಸೀಳು ಬಿಡುತ್ತದೆ. ಆಮೇಲೆ ಭಟ್ಟಿ. ಹಸಿ ಹಂಚನ್ನೂ ಸುಟ್ಟ ಹಂಚನ್ನೂ ತಲೆಯ ಮೇಲೆ ಅಲ್ಲಿಂದಿಲ್ಲಿಗೆ ಹೊರುವವರು ಹೆಂಗಸರು. ಹಳೆಯ ಮನೆ ಬಿಚ್ಚುವಾಗ ಕೆಳಗಿಳಿಸಿದ ಹಂಚಿನ ಬೆನ್ನ ಮೇಲೆ ಮಿಶನ್ನಿನ ಹೆಸರು, 1865ರ ಇಸವಿ ನೀವೂ ಓದಿರುತ್ತೀರಿ. ಹೊತ್ತವರ ಹೆಸರು ಎಲ್ಲೂ ಇಲ್ಲ. ಯಾವ ಕಾರ್ಖಾನೆಯ ಸರಕಿನ ಮೇಲೂ ಇರುವುದಿಲ್ಲ, ಆ ಮಾತು ಬೇರೆ.

ಮಿಶನ್ ತನ್ನ ಕೆಲಸಗಾರರನ್ನು ನೋಡಿಕೊಂಡಿತೇ? ಆ ಕಾಲದ ಅಳತೆಯಲ್ಲಿ ಚೆನ್ನಾಗಿಯೇ ನೋಡಿಕೊಂಡಿತು. ಕುಲಕಸುಬಿನಾಚೆಗೆ ಕೈಗೊಂದು ವಿದ್ಯೆ ಸಿಕ್ಕಿತು, ಮಕ್ಕಳಿಗೆ ಶಾಲೆ ಸಿಕ್ಕಿತು, ಹೆಂಗಸರ ಕೈಗೆ ಕಾಸು ಬಂತು. ದಿನ ಶುರುವಾಗುತ್ತಿದ್ದದ್ದು ಪ್ರಾರ್ಥನೆಯಿಂದ. ಆದರೆ ಕೆಲಸ ಕೊಡುವವನೂ ಮಿಶನ್, ಬೋಧನೆ ಮಾಡುವವನೂ ಮಿಶನ್, ಮಕ್ಕಳ ಶಾಲೆಯೂ ಮಿಶನ್, ಹಲವರಿಗೆ ಮನೆ ಕಟ್ಟಿಕೊಂಡ ಜಾಗವೂ ಮಿಶನ್ನಿನದೇ. ಮೇಸ್ತ್ರಿಯೊಡನೆ ಜಗಳವಾದರೆ ದೂರು ಹೇಳಲು ಹೋಗುವುದು ಎಲ್ಲಿಗೆ? ಪಾದ್ರಿಗಳ ಬಳಿಗೆ ಹೋಗಬೇಕು; ಪಾದ್ರಿಗಳು ಮೇಸ್ತ್ರಿಯ ಮೇಲಿನವರ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡುವವರು. ಅಪ್ಪನಂಥ ಮಾಲೀಕ ಸಿಕ್ಕಿದರೆ ಪುಣ್ಯ ಎನ್ನುತ್ತಾರೆ. ಅಪ್ಪನ ಮನೆಯಲ್ಲಿ ಮಗ ದೊಡ್ಡವನಾಗುವುದು ಯಾವಾಗ ಎಂದು ಯಾರೂ ಕೇಳುವುದಿಲ್ಲ.

1914ರಲ್ಲಿ ಯುದ್ಧ ಬಂತು. ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು, ಆಸ್ತಿ ಮುಟ್ಟುಗೋಲು ಹಾಕಿತು. ಕಾರ್ಖಾನೆಗಳು 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಎರಡು ಮೂರು ತಲೆಮಾರು ಆ ಭಟ್ಟಿಗಳ ಮುಂದೆ ಬೆಂದವರು ಈ ಕೈಬದಲಾವಣೆಯಲ್ಲಿ ಒಂದು ಪಕ್ಷವೇ ಆಗಿರಲಿಲ್ಲ. ಇದು ಮಿಶನ್ನಿನ ತಪ್ಪಲ್ಲ, ಯುದ್ಧದ ಕಾಲ. ಆದರೂ ಯಾರೋ ನೋಡಿಕೊಳ್ಳುತ್ತಾರೆ ಎಂಬ ಏರ್ಪಾಟು ಎಷ್ಟು ಗಟ್ಟಿ ಎಂಬುದು ನೋಡಿಕೊಳ್ಳುವವರು ಹೊರಟುಹೋದ ದಿನ ತಿಳಿಯುತ್ತದೆ.

ಇಲ್ಲಿಂದ ಒಂದು ಅಡ್ಡದಾರಿ. ಮಿಶನ್ನಿನ ಹರ್ಮನ್ ಗುಂಡರ್ಟ್ ತಲಶ್ಶೇರಿಯಲ್ಲಿದ್ದವರು, ಮಲಯಾಳಂ ನಿಘಂಟು ಸಿದ್ಧಮಾಡಿದವರು. 1872ರಲ್ಲಿ ಅದು ಅಚ್ಚಾದದ್ದು ಮಂಗಳೂರಿನಲ್ಲೇ. ಅವರ ಮಗಳು ಮಾರಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಆಕೆ ಮುಂದೆ ಮದುವೆಯಾದ ಯೊಹಾನೆಸ್ ಹೆಸ್ಸೆ ಕೂಡ ಈ ಕರಾವಳಿಯಲ್ಲಿ ಕೆಲಸ ಮಾಡಿ ಆರೋಗ್ಯ ಕೆಟ್ಟು ಹಿಂದಿರುಗಿದ ಮಿಶನರಿ. ಅವರ ಮಗ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ. ಹೆಸ್ಸೆ 1932ರಲ್ಲಿ ‘ಪೂರ್ವದ ಯಾತ್ರೆ’ ಎಂಬ ಒಂದು ಚಿಕ್ಕ ಕಾದಂಬರಿ ಪ್ರಕಟಿಸಿದರು. ಅದರಲ್ಲಿ ಯಾತ್ರಿಕರ ಗಂಟುಮೂಟೆ ಹೊರುವ ಲಿಯೋ ಎಂಬ ಆಳು ಒಂದು ದಿನ ಕಾಣೆಯಾಗುತ್ತಾನೆ. ಅವನಿಲ್ಲದೆ ತಂಡವೇ ಒಡೆದುಹೋಗುತ್ತದೆ. ಬಹಳ ಕಾಲದ ಮೇಲೆ ಅವನೇ ಆ ಸಂಘದ ಮುಖ್ಯಸ್ಥ ಎಂದು ತಿಳಿಯುತ್ತದೆ. ಅಮೆರಿಕದ ಎಟಿ ಅಂಡ್ ಟಿ ಟೆಲಿಫೋನ್ ಕಂಪನಿಯಲ್ಲಿ 1926ರಿಂದ 1964ರವರೆಗೆ ದುಡಿದ ರಾಬರ್ಟ್ ಗ್ರೀನ್‌ಲೀಫ್ ಇದನ್ನು ಓದಿದರು. ಅವರೂ ಕ್ವೇಕರ್. 1970ರಲ್ಲಿ ಅವರು ಬರೆದ ಪ್ರಬಂಧದಿಂದಲೇ ‘ಸೇವಕ ನಾಯಕ’ ಎಂಬ ಮಾತು ಮ್ಯಾನೇಜ್‌ಮೆಂಟ್ ಪಠ್ಯಗಳಿಗೆ ಬಂತು. ತರಬೇತಿಯ ಸ್ಲೈಡುಗಳಲ್ಲಿ ಪರದೇಶದ ಸರಕಿನಂತೆ ಬಂದಿಳಿಯುವ ಈ ವಿಚಾರದ ಒಂದು ಬೇರು ತಲಶ್ಶೇರಿ, ಮಂಗಳೂರುಗಳ ಮಿಶನ್ ಬಂಗಲೆಗಳಿಗೆ ಇಳಿದಿದೆ ಎಂಬುದು ನನಗೆ ಖುಷಿ ಕೊಡುವ ವಿಷಯ.

ಗ್ರೀನ್‌ಲೀಫ್ ಒಂದು ಪರೀಕ್ಷೆ ಇಟ್ಟಿದ್ದಾರೆ, ಸ್ಲೈಡುಗಳಲ್ಲಿ ಅದರ ಮೊದಲ ಅರ್ಧ ಮಾತ್ರ ಉಳಿದಿರುತ್ತದೆ. ಸೇವೆ ಪಡೆದವರು ಹೆಚ್ಚು ಸ್ವತಂತ್ರರಾಗಿ, ತಾವೂ ಸೇವಕರಾಗುವಷ್ಟು ಬೆಳೆದರೇ ಎಂಬುದು ಮೊದಲ ಅರ್ಧ. ಸಮಾಜದಲ್ಲಿ ಎಲ್ಲರಿಗಿಂತ ಕೆಳಗಿರುವವರ ಮೇಲೆ ಅದರ ಪರಿಣಾಮವೇನು ಎಂಬುದು ಎರಡನೆಯದು. ಹಂಚಿನ ಕಾರ್ಖಾನೆ ಎಡವಿದ್ದು ಮೊದಲನೆಯದರಲ್ಲಿ, ಬೋರ್ನ್‌ವಿಲ್ ಎರಡನೆಯದರಲ್ಲಿ.

ನಮ್ಮ ಸಂಸ್ಥೆಗಳು ಯಾವುದರಲ್ಲಿ? ಒಂದು ದೊಡ್ಡ ಆಸ್ಪತ್ರೆ, ಕ್ರೈಸ್ತರದ್ದೇ, ಹೆಸರು ಬೇಡ. ಪ್ರವೇಶದ್ವಾರದಲ್ಲಿ ಕಾಲು ತೊಳೆಯುವ ಯೇಸುವಿನ ದೊಡ್ಡ ಚಿತ್ರ. ಮಧ್ಯಾಹ್ನದ ಹೊತ್ತಿಗೆ ಹಿಂಬದಿಗೆ ಹೋದರೆ ಜನರೇಟರ್ ಕೋಣೆಯ ಪಕ್ಕದ ಮೆಟ್ಟಿಲ ಮೇಲೆ ಹೌಸ್‌ಕೀಪಿಂಗ್ ಹೆಂಗಸರು ಬುತ್ತಿ ಬಿಚ್ಚಿ ಕೂತಿರುತ್ತಾರೆ. ಒಬ್ಬಾಕೆಯನ್ನು ಕೇಳಿದೆ, ಒಳಗೆ ಸ್ಟಾಫ್ ಕ್ಯಾಂಟೀನ್ ಇದೆಯಲ್ಲಮ್ಮ ಎಂದು. “ಅದು ಆಸ್ಪತ್ರೆಯವರಿಗೆ ಸಾರ್, ನಾವು ಏಜೆನ್ಸಿಯವರು” ಎಂದರು. ಹದಿಮೂರು ವರ್ಷದಿಂದ ಅದೇ ವಾರ್ಡು ಒರೆಸುತ್ತಿರುವ ಹೆಂಗಸು. ಏಜೆನ್ಸಿ ನಡುವೆ ಬದಲಾಗಿದೆ, ಆಕೆ ಬದಲಾಗಿಲ್ಲ. ಪ್ರತಿ ಸಲವೂ ಹೊಸ ನೌಕರಳೆಂದು ಲೆಕ್ಕ. ನರ್ಸ್‌ಗಳಿಗೆ ಅಲ್ಲಿ ಹುಟ್ಟುಹಬ್ಬದ ಕಾರ್ಡು ಹೋಗುತ್ತದೆ, ನಿಜವಾದ ಅಕ್ಕರೆಯಿಂದಲೇ. ಆಕೆಯ ಹುಟ್ಟುಹಬ್ಬ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಬರೆದಿಟ್ಟಿತ್ತು. ಸುವಾರ್ತೆ ಓದುವವರು ಕಾಯ್ದೆಗಿಂತ ಹಿಂದೆ ಬೀಳಬಾರದಲ್ಲ.

ಮೆಟ್ಟಿಲ ಮೇಲೆ ಕೂರುವ ಮಾತು ಬಂತು. ನಿಂತೇ ದುಡಿಯುವವರಿಗೆ ಅವಕಾಶ ಸಿಕ್ಕಾಗ ಕೂರಲು ಆಸನವಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 44ನೆಯ ಕಲಮು ಹೇಳಿತ್ತು. ಬಟ್ಟೆ ಅಂಗಡಿ ಕಾರ್ಖಾನೆಯಲ್ಲ. ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ಸೀರೆ ಬಿಡಿಸಿ ತೋರಿಸುವ ಹೆಂಗಸರು ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತಿರಬೇಕಿತ್ತು. ಗಿರಾಕಿ ಇಲ್ಲದಾಗಲೂ ಗೋಡೆಗೊರಗುವಂತಿರಲಿಲ್ಲ. ಮೂತ್ರಕ್ಕೆ ಹೋಗಲು ಜಾಗವಿಲ್ಲದ್ದಕ್ಕೆ ನೀರೇ ಕುಡಿಯುತ್ತಿರಲಿಲ್ಲ. ಪಿ. ವಿಜಿ ಎಂಬ ದರ್ಜಿ ಹೆಂಗಸು ‘ಪೆಣ್‌ಕೂಟ್ಟು’ ಎಂಬ ಗುಂಪು ಕಟ್ಟಿದರು, ವರ್ಷಗಟ್ಟಲೆ ಬೀದಿಗಿಳಿದರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆ ತಿದ್ದಿ ಕೂರುವುದನ್ನು ಹಕ್ಕು ಮಾಡಿತು. 2021ರಲ್ಲಿ ತಮಿಳುನಾಡು ಹಿಂಬಾಲಿಸಿತು. ಒಂದು ಸ್ಟೂಲು! ಯಾವ ಮಾಲೀಕನೂ ತನ್ನ ಪ್ರೀತಿಯಿಂದ ಕೊಡದೆ ಇದ್ದದ್ದು, ಕೊಟ್ಟರೂ ಖರ್ಚೆನ್ನಿಸದಂಥದ್ದು. ಮುಂದಾಳತ್ವ ಇಲ್ಲಿ ಕೆಳಗಿನಿಂದ ಬಂತು, ಮೇಲಿನವರು ಕಾಲು ತೊಳೆಯಲಿ ಎಂದು ಕಾಯಲಿಲ್ಲ. ಕ್ರೈಸ್ತ ಸಂಸ್ಥೆಗಳಲ್ಲಿ ಯೂನಿಯನ್ ಎಂಬ ಮಾತು ಕೇಳಿದರೆ ಮುಖ ಗಂಟಿಕ್ಕುವ ಹಿರಿಯರು ನನಗೆ ಪರಿಚಿತರು. ಸೇವಕನ ಎದುರು ಸೇವೆ ಪಡೆಯುವವನು ಬಾಯಿ ಬಿಡಬಾರದು ಎಂದರೆ ಅಲ್ಲಿ ಸೇವಕ ಯಾರು?

ಸೇವಕ ನಾಯಕತ್ವ ತೀರ್ಮಾನವಾಗುವ ಜಾಗ ನನ್ನ ಪ್ರಕಾರ ಟೆಂಡರ್ ಫಾರಂ. ಅತಿ ಕಡಿಮೆ ದರ ಬರೆದ ಏಜೆನ್ಸಿಗೆ ಕೆಲಸ ಎಂದಾಗ, ಸಾಬೂನು, ಪೊರಕೆಗಳ ದರ ಎಲ್ಲರಿಗೂ ಒಂದೇ ಆಗಿರುವುದರಿಂದ, ಏಜೆನ್ಸಿ ಕತ್ತರಿ ಹಾಕುವುದು ಹೆಂಗಸರ ಸಂಬಳಕ್ಕೆ, ವಾರದ ರಜೆಗೆ, ಪಿಎಫ್‌ಗೆ. ನನಗೆ ಗೊತ್ತಿರುವ ಇನ್ನೊಂದು ಆಸ್ಪತ್ರೆಯಲ್ಲಿ ಆಡಳಿತ ನೋಡುತ್ತಿದ್ದ ಸಿಸ್ಟರ್ ಒಬ್ಬರು ಫಾರಂ ಬದಲಿಸಿದರು. ಸಂಬಳ, ಪಿಎಫ್, ಇಎಸ್‌ಐ, ವಾರದ ರಜೆ ಇವನ್ನು ಆಸ್ಪತ್ರೆಯೇ ಅಚ್ಚು ಹಾಕಿಸಿತು. ಏಜೆನ್ಸಿಗಳು ದರ ಬರೆಯಬೇಕಾದ್ದು ತಮ್ಮ ಕಮಿಷನ್ನಿಗೆ ಮಾತ್ರ. ಏಜೆನ್ಸಿ ಬದಲಾದರೂ ಹಳೆಯವರೇ ಮುಂದುವರಿಯಬೇಕು, ಅವರ ಊಟ ಸ್ಟಾಫ್ ಕ್ಯಾಂಟೀನಿನಲ್ಲೇ ಎಂಬ ಎರಡು ಷರತ್ತು ಬೇರೆ. ಟೆಂಡರ್ ಹಾಕಲು ಬಂದವರಲ್ಲಿ ಕೆಲವರು ಅಲ್ಲಿಂದಲೇ ಹಿಂದಿರುಗಿದರು. ಹಣಕಾಸು ಸಮಿತಿಯಲ್ಲಿ ಎರಡು ಸಭೆ ಜಗಳವಾಯಿತು, ಕೊನೆಗೆ ಒಂದು ವರ್ಷದ ಮಟ್ಟಿಗೆ ಎಂದು ಒಪ್ಪಿದರು. ಆ ಸಿಸ್ಟರ್‌ಗೆ ಈಗ ಬೇರೆ ಊರಿಗೆ ವರ್ಗವಾಗಿದೆ. ಹೊಸ ಟೆಂಡರ್ ಮಾರ್ಚ್‌ನಲ್ಲಿ. ಫಾರಂ ಹಳೆಯದೋ ಹೊಸದೋ ಎಂದು ಸಮಿತಿ ಇನ್ನೂ ತೀರ್ಮಾನಿಸಿಲ್ಲ.